ಖಾತೆ ಬೇರೆಯಾದರೂ ಡಿ ಡ್ರೈವ್ ಎಲ್ಲರದು: ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಕಡತಗಳನ್ನು ಕಾಯುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಹಶಿಕ್ಷಕಿ. ಕಚೇರಿ ಕೆಲಸಕ್ಕೂ ಶಿಕ್ಷಕರಿಗೂ ಮಕ್ಕಳ ಪ್ರಾಜೆಕ್ಟ್‌ಗಳಿಗೂ ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್, ವಿಂಡೋಸ್ 11 ಪ್ರೊ. ‘ಕಚೇರಿ’, ‘ಶಿಕ್ಷಕರು’, ‘ವಿದ್ಯಾರ್ಥಿ’ ಎಂದು ಮೂರು ಖಾತೆ ಮಾಡಿ ಮೂರಕ್ಕೂ ಪಾಸ್‌ವರ್ಡ್ ಇಟ್ಟಿದ್ದೇವೆ. ಹಳೆಯ ತಂತ್ರಾಂಶವೊಂದು ಪದೇ ಪದೇ ಅಡ್ಮಿನ್ (ಅಡ್ಮಿನಿಸ್ಟ್ರೇಟರ್, ಅಂದರೆ ಯಂತ್ರದ ಪೂರ್ಣ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಕೇಳುತ್ತಿದ್ದುದರಿಂದ ರಿಪೇರಿಗೆ ಬಂದವರು ಮೊದಲ ಎರಡು ಖಾತೆಗಳನ್ನು ಅಡ್ಮಿನಿಸ್ಟ್ರೇಟರ್ ಮಾಡಿಕೊಟ್ಟು ಹೋಗಿದ್ದಾರೆ. ಕಳೆದ ವಾರ ಡಿ ಡ್ರೈವ್‌ನಲ್ಲಿದ್ದ ಒಂಬತ್ತನೇ ತರಗತಿಯ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಗಳ ಫೋಲ್ಡರ್ ಕಾಣೆಯಾಯಿತು. ನಮ್ಮ ರೀಸೈಕಲ್ ಬಿನ್‌ನಲ್ಲಿ ಅದು ಇಲ್ಲ. ಖಾತೆಗಳನ್ನು ಬೇರೆ ಮಾಡಿದ ಮೇಲೂ ಹೀಗಾಗುವುದು ಹೇಗೆ? ಅಂಕಗಳು ಮಕ್ಕಳಿಗೆ ಕಾಣಬಾರದು, ಆದರೆ ಅವರ ಪ್ರಾಜೆಕ್ಟ್‌ಗಳನ್ನು ಇಡಲು ಒಂದು ಜಾಗವೂ ಬೇಕು. ದಾರಿ ತಿಳಿಸಿ.

ಉತ್ತರ: ಮಾನ್ಯರೇ, ಉಳಿದೆಲ್ಲವನ್ನೂ ಓದುವ ಮೊದಲು ಒಂದು ಕೆಲಸ ಮಾಡಿ. ‘ವಿದ್ಯಾರ್ಥಿ’ ಖಾತೆಯಿಂದ ಒಳಗೆ ಹೋಗಿ, ಆ ಖಾತೆಯ ರೀಸೈಕಲ್ ಬಿನ್ ತೆರೆದು ನೋಡಿ. ವಿಂಡೋಸ್‌ನಲ್ಲಿ ರೀಸೈಕಲ್ ಬಿನ್ ಕಂಪ್ಯೂಟರಿಗೆ ಒಂದಲ್ಲ, ಪ್ರತಿ ಖಾತೆಗೂ ಪ್ರತ್ಯೇಕ. ಯಾವ ಖಾತೆಯಲ್ಲಿ ಕುಳಿತು ಅಳಿಸಿದರೋ ಆ ಖಾತೆಯ ಬುಟ್ಟಿಗೇ ಫೋಲ್ಡರ್ ಹೋಗಿ ಬೀಳುತ್ತದೆ. ನಿಮ್ಮ ಖಾತೆಯಲ್ಲಿ ಕುಳಿತು ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಅಲ್ಲಿದ್ದರೆ ರೀಸ್ಟೋರ್ ಒತ್ತಿ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಮುಂದೆ ಓದಿ. ತಡ ಮಾಡಬೇಡಿ. ಸ್ಟೋರೇಜ್ ಸೆನ್ಸ್ ಎಂಬ ಸೌಲಭ್ಯ ಚಾಲೂ ಇದ್ದರೆ ಹಳೆಯ ಕಸವನ್ನು ಅದು ತಾನಾಗಿ ಖಾಲಿ ಮಾಡುತ್ತದೆ, ಸಾಮಾನ್ಯವಾಗಿ 30 ದಿನ ಕಳೆದವುಗಳನ್ನು. ಶಿಫ್ಟ್ ಕೀಲಿ ಒತ್ತಿಕೊಂಡು ಅಳಿಸಿದ್ದರೆ ಬುಟ್ಟಿಗೂ ಬಿದ್ದಿರುವುದಿಲ್ಲ. ಹಾಗಾಗಿದ್ದರೆ ಡಿ ಡ್ರೈವ್‌ಗೆ ಹೊಸದಾಗಿ ಏನನ್ನೂ ಬರೆಯದೆ, ಕಡತ ಮರುಗಳಿಸುವ ಕೆಲಸ ಬಲ್ಲವರಿಗೆ ತೋರಿಸಬೇಕು. ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ ಆಧಾರಿತ ಡಿಸ್ಕ್) ಆಗಿದ್ದರೆ ಸಿಗುವ ಸಾಧ್ಯತೆ ಕಡಿಮೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಖಾತೆ ಬೇರೆ ಮಾಡಿದರೆ ಕಡತಗಳೂ ಬೇರೆಯಾಗುತ್ತವೆ ಎಂಬುದು ಅರ್ಧ ಮಾತ್ರ ನಿಜ. ವಿಂಡೋಸ್ ಪ್ರತಿ ಖಾತೆಗೂ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನೊಳಗೆ ಒಂದು ಮನೆ ಕಟ್ಟಿಕೊಡುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಆ ಮನೆಯ ಕೋಣೆಗಳು. ಒಬ್ಬರ ಮನೆಯೊಳಕ್ಕೆ ಅಡ್ಮಿನ್ ಅಲ್ಲದ ಇನ್ನೊಬ್ಬರು ಕಾಲಿಡಲಾಗದು. ಆದರೆ ಈ ಕಾವಲು ಇರುವುದು ಆ ಮನೆಗೆ ಮಾತ್ರ. ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದರ ಹೆಬ್ಬಾಗಿಲಿನಲ್ಲಿ ಬರೆದಿಡುವ ನಿಯಮವೇ ಬೇರೆ. ಅಲ್ಲಿ ‘ಆಥೆಂಟಿಕೇಟೆಡ್ ಯೂಸರ್ಸ್’ ಎಂಬ ಗುಂಪಿಗೆ, ಅಂದರೆ ಪಾಸ್‌ವರ್ಡ್ ಕೊಟ್ಟು ಒಳಬಂದ ಯಾರಿಗಾದರೂ, ‘ಮಾಡಿಫೈ’ ಅನುಮತಿ ಇರುತ್ತದೆ. ಮಾಡಿಫೈ ಎಂದರೆ ಓದುವುದು, ತಿದ್ದುವುದು, ಅಳಿಸುವುದು. ಈ ನಿಯಮ ಹೆಬ್ಬಾಗಿಲಿನಲ್ಲೇ ನಿಲ್ಲದೆ ಒಳಗಿನ ಪ್ರತಿ ಫೋಲ್ಡರಿಗೂ, ನೀವು ನಾಳೆ ಹೊಸದಾಗಿ ಮಾಡುವ ಫೋಲ್ಡರಿಗೂ ಇಳಿದು ಬರುತ್ತದೆ. ಸಿ ಡ್ರೈವ್‌ನ ಬುಡದಲ್ಲೇ ಹೊಸ ಫೋಲ್ಡರ್ ಮಾಡಿದರೂ ಇದೇ ಕಥೆ. ಹೀಗಾಗಿ ನಿಮ್ಮ ವಿದ್ಯಾರ್ಥಿ ಖಾತೆ ಅಡ್ಮಿನ್ ಆಗಿರಲಿಲ್ಲ ಎಂಬುದರಿಂದ ಇಲ್ಲಿ ಯಾವ ಪ್ರಯೋಜನವೂ ಆಗಲಿಲ್ಲ. ಅಳಿಸಿದ್ದು ಒಂದು ಮಗುವೇ ಆಗಿದ್ದರೂ ಆ ಮಗು ಯಾವ ಬೀಗವನ್ನೂ ಮುರಿದಿಲ್ಲ. ಅಲ್ಲಿ ಬೀಗವೇ ಇರಲಿಲ್ಲ. ದಯವಿಟ್ಟು ತರಗತಿಯಲ್ಲಿ ಯಾರನ್ನೂ ಎಬ್ಬಿಸಿ ನಿಲ್ಲಿಸಿ ವಿಚಾರಿಸಬೇಡಿ.

ನಮ್ಮಲ್ಲಿ ಮುಖ್ಯವಾದದ್ದೆಲ್ಲವನ್ನೂ ಡಿ ಡ್ರೈವ್‌ನಲ್ಲೇ ಇಡುವ ರೂಢಿ ಬೆಳೆದದ್ದಕ್ಕೆ ಕಾರಣವಿದೆ. ವಿಂಡೋಸ್ 98 ಮತ್ತು ಎಕ್ಸ್‌ಪಿ ಕಾಲದಲ್ಲಿ ವೈರಸ್ ಬಂದು ಕಂಪ್ಯೂಟರ್ ಕೆಟ್ಟಾಗಲೆಲ್ಲ ಸಿ ಡ್ರೈವನ್ನು ಅಳಿಸಿ ವಿಂಡೋಸ್ ಮರಳಿ ಹಾಕುತ್ತಿದ್ದರು. ಡಿ ಡ್ರೈವ್‌ನಲ್ಲಿದ್ದದ್ದು ಉಳಿಯುತ್ತಿತ್ತು. ಅಂಗಡಿಯವರು ಹೇಳಿಕೊಟ್ಟ ಈ ಜಾಣತನ ಆಗ ಸರಿಯಾಗಿಯೇ ಇತ್ತು. ಒಂದೊಂದು ಕಡತಕ್ಕೂ ಯಾರಿಗೆ ಎಷ್ಟು ಅಧಿಕಾರ ಎಂದು ಬರೆದಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ 1993ರ ವಿಂಡೋಸ್ ಎನ್‌ಟಿ ಜೊತೆಗೇ ಬಂದಿದ್ದರೂ, ಮನೆ ಮತ್ತು ಸಣ್ಣ ಕಚೇರಿಗಳ ಕಂಪ್ಯೂಟರಿಗೆ ಅದು ತಲುಪಿದ್ದು ಮುಖ್ಯವಾಗಿ 2001ರ ಎಕ್ಸ್‌ಪಿ ಮೂಲಕ. ಅಲ್ಲಿಯೂ ಸ್ಥಾಪಿಸುವಾಗ ಮಾಡಿದ ಖಾತೆಗಳೆಲ್ಲ ಅಡ್ಮಿನಿಸ್ಟ್ರೇಟರ್ ಆಗಿಯೇ ಹುಟ್ಟುತ್ತಿದ್ದವು. ಒಬ್ಬರೇ ಬಳಸುವ ಯಂತ್ರದ ರೂಢಿಯನ್ನು ನಾವು ಹತ್ತು ಜನ ಬಳಸುವ ಯಂತ್ರಕ್ಕೂ ಹಾಗೆಯೇ ತಂದಿದ್ದೇವೆ. ಶಾಲೆಗಳಲ್ಲಿ, ಹಾಲಿನ ಡೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ನಾನು ನೋಡಿದ ಇಂಥ ನಷ್ಟಗಳ ಬುಡದಲ್ಲಿ ಹೆಚ್ಚಿನ ಸಲ ಇದ್ದದ್ದು ಇದೇ.

ಇದನ್ನು ಸರಿಪಡಿಸುವ ಮುನ್ನ, ವಿಂಡೋಸ್ ಈ ಲೆಕ್ಕವನ್ನು ಹೇಗೆ ಇಡುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ಹೆಜ್ಜೆಗಳು ಕಂಠಪಾಠವಾಗದೆ ಅರ್ಥವಾಗುತ್ತವೆ. ನೀವು ಪಾಸ್‌ವರ್ಡ್ ಕೊಟ್ಟು ಒಳಬಂದ ಕ್ಷಣದಲ್ಲಿ ವಿಂಡೋಸ್ ನಿಮ್ಮ ಹೆಸರಿನಲ್ಲಿ ಒಂದು ಚೀಟಿ ಬರೆಯುತ್ತದೆ. ಅದರಲ್ಲಿ ನಿಮ್ಮ ಖಾತೆಯ ಸಂಖ್ಯೆ ಮತ್ತು ನೀವು ಸೇರಿರುವ ಗುಂಪುಗಳ ಸಂಖ್ಯೆಗಳು ಇರುತ್ತವೆ. ಆಮೇಲೆ ನೀವು ತೆರೆಯುವ ಪ್ರತಿ ಕಾರ್ಯಕ್ರಮವೂ (ಪ್ರೋಗ್ರಾಮ್) ಅದೇ ಚೀಟಿ ಹಿಡಿದು ಓಡಾಡುತ್ತದೆ. ಇನ್ನೊಂದು ಕಡೆ ಪ್ರತಿ ಫೋಲ್ಡರಿನ ಬಾಗಿಲಲ್ಲೂ ಒಂದು ಪಟ್ಟಿ ತೂಗುಹಾಕಿದೆ: ಇಂಥ ಸಂಖ್ಯೆಯವರು ಓದಬಹುದು, ಇಂಥವರು ತಿದ್ದಬಹುದು. ಚೀಟಿಯನ್ನೂ ಪಟ್ಟಿಯನ್ನೂ ತಾಳೆ ನೋಡಿ ಬಾಗಿಲು ತೆರೆಯುವುದೋ ಇಲ್ಲವೋ ತೀರ್ಮಾನವಾಗುತ್ತದೆ. ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಯಾರನ್ನಾದರೂ ಹೊಸ ಗುಂಪಿಗೆ ಸೇರಿಸಿದರೆ ಅವರು ಒಮ್ಮೆ ಸೈನ್ ಔಟ್ ಆಗಿ ಮರಳಿ ಬರುವವರೆಗೆ ಅದು ಜಾರಿಗೆ ಬರುವುದಿಲ್ಲ, ಏಕೆಂದರೆ ಅವರ ಕೈಯಲ್ಲಿರುವುದು ಹಳೆಯ ಚೀಟಿ. ಎರಡು, ವಿಂಡೋಸ್‌ಗೆ ಗೊತ್ತಿರುವುದು ಹೆಸರಲ್ಲ, ಸಂಖ್ಯೆ. ಒಂದು ಖಾತೆಯನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಅದು ಹೊಸಬರ ಖಾತೆಯೇ. ಹಳೆಯ ಅನುಮತಿಗಳು ಅದಕ್ಕೆ ಬರುವುದಿಲ್ಲ, ಪಟ್ಟಿಯಲ್ಲಿ ಹಳೆಯ ಹೆಸರಿದ್ದ ಕಡೆ ‘ಎಸ್-1-5-21’ ಎಂದು ಶುರುವಾಗುವ ಉದ್ದದ ಸಂಖ್ಯೆಯೊಂದು ಉಳಿದುಕೊಳ್ಳುತ್ತದೆ.

ಮೊದಲ ಕೆಲಸ, ಅಡ್ಮಿನ್ ಅಧಿಕಾರವನ್ನು ದಿನದ ಕೆಲಸದಿಂದ ಬೇರ್ಪಡಿಸುವುದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ಎಂಬಲ್ಲಿ ಹೊಸ ಖಾತೆಯೊಂದನ್ನು ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಅದು ಮೈಕ್ರೋಸಾಫ್ಟ್ ಖಾತೆ ಕೇಳಿದರೆ, ಈ ವ್ಯಕ್ತಿಯ ಸೈನ್ ಇನ್ ವಿವರ ನನ್ನಲ್ಲಿಲ್ಲ ಎಂಬ ಸಾಲನ್ನು ಒತ್ತಿ ಸ್ಥಳೀಯ ಖಾತೆಯನ್ನೇ ಮಾಡಬಹುದು. ಒಮ್ಮೆ ಆ ಹೊಸ ಖಾತೆಯಿಂದ ಒಳಹೋಗಿ ಎಲ್ಲವೂ ಸರಿಯಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ‘ಕಚೇರಿ’ ಮತ್ತು ‘ಶಿಕ್ಷಕರು’ ಖಾತೆಗಳನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಇಳಿಸಿ. ಈ ಕ್ರಮ ಹಿಂದುಮುಂದಾಗಬಾರದು. ಹೊಸ ಖಾತೆಯ ಪಾಸ್‌ವರ್ಡ್ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ. ಆ ಖಾತೆಯಲ್ಲಿ ಯಾರೂ ಅಂಕ ತುಂಬಬಾರದು, ಇಮೇಲ್ ನೋಡಬಾರದು. ತಂತ್ರಾಂಶ ಹಾಕುವಾಗ, ಅನುಮತಿ ಬದಲಿಸುವಾಗ ಮಾತ್ರ ಅದು ಬೇಕು.

ಮುಖ್ಯ ಶಿಕ್ಷಕರು ಹಿರಿಯರು, ಅವರ ದಿನದ ಖಾತೆಯೇ ಅಡ್ಮಿನ್ ಆಗಿರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಅಡ್ಮಿನ್ ಎಂಬುದು ಗೌರವದ ಸ್ಥಾನವಲ್ಲ. ಆ ಖಾತೆಯಲ್ಲಿ ಕುಳಿತಾಗ ಅನುಮತಿ ಕೇಳುವ ಕಿಟಕಿಗೆ ‘ಯೆಸ್’ ಎಂದು ಒತ್ತಿಬಿಟ್ಟರೆ, ಅದನ್ನು ಕೇಳಿದ ದುಷ್ಟ ತಂತ್ರಾಂಶವೂ ಅಷ್ಟೇ ಅಧಿಕಾರ ಪಡೆಯುತ್ತದೆ ಎಂಬುದೇ ಅದರ ಅಪಾಯ.

ಖಾತೆಗಳ ವಿಷಯದಲ್ಲಿ ಇನ್ನೊಂದು ಸಲಹೆ. ಎಲ್ಲ ಶಿಕ್ಷಕರಿಗೂ ಸೇರಿ ಒಂದೇ ಖಾತೆ ಸಾಲದು. ವಿದ್ಯಾರ್ಥಿಗಳ ದಾಖಲೆ ಇಡುವ ಎಸ್‌ಎಟಿಎಸ್‌ನಂಥ ಜಾಲತಾಣಗಳ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸುವ ಅಭ್ಯಾಸ ಎಲ್ಲರಿಗೂ ಇದೆ. ಬ್ರೌಸರ್ ಅದನ್ನು ಕಾಯುವುದು ವಿಂಡೋಸ್ ಖಾತೆಯ ಆಧಾರದಲ್ಲಿ, ಹಾಗಾಗಿ ಒಂದೇ ಖಾತೆ ಬಳಸುವ ಐದು ಜನ ಪರಸ್ಪರರ ಉಳಿಸಿದ ಪಾಸ್‌ವರ್ಡ್‌ಗಳಿಂದ ಒಳಹೋಗಬಲ್ಲರು. ಅಂಕ ತುಂಬುವ ಪ್ರತಿಯೊಬ್ಬ ಶಿಕ್ಷಕರಿಗೂ ಒಂದೊಂದು ಸ್ಟ್ಯಾಂಡರ್ಡ್ ಖಾತೆ ಕೊಡಿ. ಮಕ್ಕಳಿಗೆ ಒಬ್ಬೊಬ್ಬರಿಗೆ ಖಾತೆ ಮಾಡುವುದು ನಿಮ್ಮಲ್ಲಿ ನಡೆಯದ ಮಾತು. ಆದರೆ ಎಂಟು, ಒಂಬತ್ತು, ಹತ್ತನೇ ತರಗತಿಗೆ ಒಂದೊಂದರಂತೆ ಮೂರು ಖಾತೆ ಮಾಡಬಹುದು. ಒಂದೇ ಖಾತೆ ಬಳಸುವವರೆಲ್ಲ ಯಂತ್ರದ ಕಣ್ಣಿಗೆ ಒಬ್ಬರೇ ಎಂಬುದನ್ನು ಮರೆಯಬೇಡಿ. ಹತ್ತನೇ ತರಗತಿಯ ಒಂದು ಮಗುವಿನ ಪ್ರಾಜೆಕ್ಟನ್ನು ಅದೇ ತರಗತಿಯ ಇನ್ನೊಂದು ಮಗು ಅಳಿಸುವುದನ್ನು ಈ ವ್ಯವಸ್ಥೆ ತಡೆಯದು. ಎಂಟನೆಯವರು ಹತ್ತನೆಯವರದನ್ನು ಮುಟ್ಟದಂತೆ ಮಾತ್ರ ತಡೆಯುತ್ತದೆ.

ಹೊಸ ಖಾತೆ ಮಾಡುವಾಗ ಹೆಸರನ್ನು ಮೊದಲು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ. ಕನ್ನಡದಲ್ಲಿ ಕೊಡಲು ಅಡ್ಡಿಯಿಲ್ಲ, ವಿಂಡೋಸ್ ಒಪ್ಪುತ್ತದೆ. ಆದರೆ ಆ ಹೆಸರಿನಿಂದಲೇ ಖಾತೆಯ ಫೋಲ್ಡರ್ ಹುಟ್ಟುತ್ತದೆ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ತಿಳಿಯದ ಹಳೆಯ ತಂತ್ರಾಂಶಗಳು ಆ ಫೋಲ್ಡರಿನ ವಿಳಾಸವನ್ನು ಓದಲಾಗದೆ ಕೆಡುತ್ತವೆ. ಆಮೇಲೆ ತೆರೆಯ ಮೇಲೆ ತೋರುವ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಫೋಲ್ಡರಿನ ಹೆಸರು ಹಾಗೆಯೇ ಉಳಿಯುತ್ತದೆ, ಕಣ್ಣಿಗೆ ಕನ್ನಡ ಕಾಣುತ್ತದೆ.

ಇನ್ನು ಗುಂಪುಗಳು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದರೆ ‘ಲೋಕಲ್ ಯೂಸರ್ಸ್ ಆಂಡ್ ಗ್ರೂಪ್ಸ್’ ಸಿಗುತ್ತದೆ. ನಿಮ್ಮಲ್ಲಿರುವುದು ಪ್ರೊ ಆದ್ದರಿಂದ ಇದು ಇದೆ. ಹೋಮ್ ಆವೃತ್ತಿ ಇರುವವರಿಗೆ ಈ ಕಿಟಕಿ ಸಿಗದು, ಅವರು ಮುಂದೆ ಗುಂಪಿನ ಹೆಸರು ಬಂದಲ್ಲೆಲ್ಲ ಖಾತೆಗಳನ್ನು ಒಂದೊಂದಾಗಿ ಸೇರಿಸಬೇಕಾಗುತ್ತದೆ. ಅಲ್ಲಿ ಶಿಕ್ಷಕರ ಗುಂಪು, ಮಕ್ಕಳ ಗುಂಪು ಎಂದು ಎರಡನ್ನು ಮಾಡಿ ಆಯಾ ಖಾತೆಗಳನ್ನು ಸೇರಿಸಿ. ಕಚೇರಿಯ ದ್ವಿತೀಯ ದರ್ಜೆ ಸಹಾಯಕರೂ ಅಂಕಗಳನ್ನು ನೋಡಬೇಕಾದರೆ ಅವರ ಖಾತೆಯನ್ನು ಶಿಕ್ಷಕರ ಗುಂಪಿಗೇ ಸೇರಿಸಿದರೆ ಸಾಕು. ಅನುಮತಿಯನ್ನು ವ್ಯಕ್ತಿಗೆ ಕೊಡದೆ ಗುಂಪಿಗೆ ಕೊಡುವುದರ ಲಾಭ ಜೂನ್ ತಿಂಗಳಲ್ಲಿ ತಿಳಿಯುತ್ತದೆ. ಹೊಸ ಶಿಕ್ಷಕರು ಬಂದರೆ ಗುಂಪಿಗೆ ಸೇರಿಸುತ್ತೀರಿ, ಕೆಲಸ ಬಿಟ್ಟು ಹೋದವರನ್ನು ತೆಗೆಯುತ್ತೀರಿ, ಫೋಲ್ಡರುಗಳ ಕಡೆ ತಿರುಗಿ ನೋಡಬೇಕಾಗಿಲ್ಲ. ಹೋದವರ ಖಾತೆಯನ್ನು ಕೂಡಲೇ ಅಳಿಸಬೇಡಿ. ಮೊದಲು ನಿಷ್ಕ್ರಿಯಗೊಳಿಸಿ, ಅವರ ಡಾಕ್ಯುಮೆಂಟ್ಸ್‌ನಲ್ಲಿ ಶಾಲೆಯ ಕಡತ ಏನಾದರೂ ಉಳಿದಿದೆಯೇ ನೋಡಿ, ಆಮೇಲೆ ಯೋಚಿಸಿ.

ಈಗ ಅಂಕಗಳ ಫೋಲ್ಡರ್. ಅಡ್ಮಿನ್ ಖಾತೆಯಿಂದ ಡಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿ, ಬಲ ಕ್ಲಿಕ್ಕಿನಲ್ಲಿ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂದು ಹೋಗಿ. ಅಲ್ಲಿ ಕಾಣುವ ಪಟ್ಟಿಯೇ ನಾನು ಮೊದಲು ಹೇಳಿದ ಬಾಗಿಲ ಪಟ್ಟಿ. ಪ್ರತಿ ಸಾಲಿನ ಎದುರು ಅದು ಎಲ್ಲಿಂದ ಇಳಿದು ಬಂದಿದೆ ಎಂದು ಬರೆದಿರುತ್ತದೆ. ಎಲ್ಲ ಸಾಲುಗಳ ಎದುರೂ ಡಿ ಡ್ರೈವ್‌ನ ಹೆಸರಿರುವುದನ್ನು ನೀವೇ ನೋಡುವಿರಿ. ಕೆಳಗಿರುವ ‘ಡಿಸೇಬಲ್ ಇನ್‌ಹೆರಿಟನ್ಸ್’ ಗುಂಡಿ ಒತ್ತಿದರೆ ಎರಡು ಆಯ್ಕೆ ಬರುತ್ತವೆ. ಮೊದಲನೆಯದನ್ನು, ಅಂದರೆ ಇಳಿದು ಬಂದ ಅನುಮತಿಗಳನ್ನು ಈ ಫೋಲ್ಡರಿನ ಸ್ವಂತ ಅನುಮತಿಗಳಾಗಿ ಪರಿವರ್ತಿಸುವುದನ್ನು ಆರಿಸಿ. ಎರಡನೆಯದನ್ನು ಒತ್ತಿದರೆ ಪಟ್ಟಿಯೇ ಖಾಲಿಯಾಗಿ ಗಾಬರಿಯಾಗುತ್ತದೆ. ಪರಿವರ್ತನೆಯಾದ ಮೇಲೆ ‘ಆಥೆಂಟಿಕೇಟೆಡ್ ಯೂಸರ್ಸ್’ ಮತ್ತು ‘ಯೂಸರ್ಸ್’ ಎಂಬ ಸಾಲುಗಳನ್ನು ತೆಗೆಯಿರಿ. ‘ಸಿಸ್ಟಂ’ ಮತ್ತು ‘ಅಡ್ಮಿನಿಸ್ಟ್ರೇಟರ್ಸ್’ ಸಾಲುಗಳನ್ನು ಮುಟ್ಟಬೇಡಿ. ಶಿಕ್ಷಕರ ಗುಂಪನ್ನು ಸೇರಿಸಿ ಮಾಡಿಫೈ ಅನುಮತಿ ಕೊಡಿ.

‘ಫುಲ್ ಕಂಟ್ರೋಲ್’ ಎಂಬುದನ್ನು ಕೊಡಬೇಡಿ. ಹೆಚ್ಚು ಕೊಟ್ಟರೆ ತೊಂದರೆ ಕಡಿಮೆ ಎಂದು ಅದನ್ನೇ ಟಿಕ್ ಮಾಡುವವರು ಬಹಳ. ಮಾಡಿಫೈಗಿಂತ ಅದರಲ್ಲಿ ಮೂರು ಅಧಿಕಾರ ಹೆಚ್ಚಿವೆ: ಅನುಮತಿಗಳನ್ನೇ ಬದಲಿಸುವುದು, ಒಡೆತನವನ್ನು ತನ್ನ ಹೆಸರಿಗೆ ಮಾಡಿಕೊಳ್ಳುವುದು, ಮತ್ತು ಒಳಗಿನ ಕಡತದ ಮೇಲೆ ಅಳಿಸುವ ಹಕ್ಕು ಇಲ್ಲದಿದ್ದರೂ ಅದನ್ನು ಅಳಿಸುವುದು. ದಿನದ ಕೆಲಸಕ್ಕೆ ಈ ಮೂರರಲ್ಲಿ ಒಂದೂ ಬೇಕಾಗುವುದಿಲ್ಲ.

ಅದೇ ಕಿಟಕಿಯಲ್ಲಿರುವ ‘ಡಿನೈ’ ಎಂಬ ಆಯ್ಕೆಯ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಮಕ್ಕಳಿಗೆ ಬೇಡ ಎನ್ನಲು ‘ಯೂಸರ್ಸ್’ ಅಥವಾ ‘ಎವ್ರಿವನ್’ ಎದುರು ಡಿನೈ ಟಿಕ್ ಮಾಡುವುದು ಸಹಜವಾಗಿ ತೋಚುವ ಉಪಾಯ. ಒಂದೇ ಪಟ್ಟಿಯಲ್ಲಿ ನೇರವಾಗಿ ಬರೆದ ಡಿನೈ ಮತ್ತು ಅಲೌ ಎದುರಾದರೆ ಗೆಲ್ಲುವುದು ಡಿನೈ. ಆ ಗುಂಪುಗಳಲ್ಲಿ ನೀವೂ ಇದ್ದೀರಿ, ಅಡ್ಮಿನ್ ಕೂಡ ಇದ್ದಾರೆ. ಕೆಲವು ವರ್ಷಗಳ ಹಿಂದೆ ಮಾರ್ಚ್ 31ರ ಸಂಜೆ ಒಂದು ಸಹಕಾರ ಸಂಘದಿಂದ ನನಗೆ ಕರೆ ಬಂದಿತ್ತು. ಸಾಲದ ಲೆಕ್ಕಗಳಿದ್ದ ಫೋಲ್ಡರ್ ಯಾರಿಗೂ ತೆರೆಯುತ್ತಿರಲಿಲ್ಲ. ಹೋಗಿ ನೋಡಿದರೆ ಕಾರ್ಯದರ್ಶಿಯವರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು, ಮೇಜಿನ ಮೇಲೆ ಲೆಡ್ಜರುಗಳನ್ನು ತೆರೆದಿಟ್ಟುಕೊಂಡು ಇಬ್ಬರು ಗುಮಾಸ್ತರು ಕೈಯಿಂದಲೇ ಬಾಕಿ ಕೂಡುತ್ತಿದ್ದರು. ಹೊರಗಿನವರು ನೋಡದಿರಲಿ ಎಂದು ಯಾರೋ ಬೆಳಿಗ್ಗೆ ‘ಎವ್ರಿವನ್’ಗೆ ಡಿನೈ ಹಾಕಿದ್ದರು, ಅಷ್ಟೇ. ಫೋಲ್ಡರಿನ ಒಡೆತನವನ್ನು ಅಡ್ಮಿನ್ ಹೆಸರಿಗೆ ತೆಗೆದುಕೊಂಡು ಆ ಒಂದು ಸಾಲನ್ನು ತೆಗೆದ ಮೇಲೆ ಎಲ್ಲವೂ ತೆರೆಯಿತು. ಯಾರಿಗಾದರೂ ಪ್ರವೇಶ ಬೇಡವಾದರೆ ಅವರ ಹೆಸರಿನ ಸಾಲು ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಕು. ಹೆಸರಿಲ್ಲದವರಿಗೆ ಬಾಗಿಲು ತಾನಾಗಿಯೇ ಮುಚ್ಚಿರುತ್ತದೆ.

ಮಕ್ಕಳ ಪ್ರಾಜೆಕ್ಟ್‌ಗಳ ಫೋಲ್ಡರ್ ಸ್ವಲ್ಪ ಹೆಚ್ಚು ಯೋಚನೆ ಬೇಡುತ್ತದೆ. ಅಲ್ಲಿ ಯಾರು ಬೇಕಾದರೂ ಹೊಸದನ್ನು ಇಡಬಹುದು, ತಾವಿಟ್ಟದ್ದನ್ನು ತಿದ್ದಬಹುದು, ಆದರೆ ಬೇರೆಯವರದ್ದನ್ನು ಮುಟ್ಟಬಾರದು. ಇದಕ್ಕೂ ಮೊದಲು ಇಳಿದು ಬರುವ ಅನುಮತಿಗಳನ್ನು ಮೇಲಿನಂತೆಯೇ ಕತ್ತರಿಸಿ, ಆ ಎರಡು ಸಾಮಾನ್ಯ ಗುಂಪುಗಳನ್ನು ತೆಗೆದು, ಶಿಕ್ಷಕರ ಗುಂಪಿಗೆ ಮಾಡಿಫೈ ಕೊಡಿ. ಆಮೇಲೆ ಮಕ್ಕಳ ಗುಂಪನ್ನು ಸೇರಿಸುವಾಗ ‘ಅಪ್ಲೈಸ್ ಟು’ ಎಂಬಲ್ಲಿ ‘ದಿಸ್ ಫೋಲ್ಡರ್ ಓನ್ಲಿ’ ಎಂದು ಆರಿಸಿ. ಅಡ್ವಾನ್ಸ್ಡ್ ಅನುಮತಿಗಳನ್ನು ತೋರಿಸು ಎಂಬುದನ್ನು ಒತ್ತಿ, ಫೋಲ್ಡರಿನೊಳಗೆ ಸಾಗುವುದು, ಪಟ್ಟಿ ನೋಡುವುದು, ಗುಣಲಕ್ಷಣ ಓದುವುದು, ಹೊಸ ಕಡತ ಮಾಡುವುದು, ಹೊಸ ಫೋಲ್ಡರ್ ಮಾಡುವುದು ಇಷ್ಟನ್ನು ಮಾತ್ರ ಟಿಕ್ ಮಾಡಿ. ಕೊನೆಗೆ ‘ಕ್ರಿಯೇಟರ್ ಓನರ್’ ಎಂಬ ವಿಶೇಷ ಹೆಸರನ್ನು ಸೇರಿಸಿ, ‘ಸಬ್‌ಫೋಲ್ಡರ್ಸ್ ಆಂಡ್ ಫೈಲ್ಸ್ ಓನ್ಲಿ’ ಎಂದು ಆರಿಸಿ ಮಾಡಿಫೈ ಕೊಡಿ. ಹೆಸರೇ ಹೇಳುವಂತೆ ಕ್ರಿಯೇಟರ್ ಓನರ್ ಎಂದರೆ ಯಾರು ಆ ಕಡತವನ್ನು ಹುಟ್ಟಿಸಿದರೋ ಅವರು. ಒಂಬತ್ತನೇ ತರಗತಿ ಖಾತೆಯಿಂದ ಒಂದು ಕಡತ ಇಟ್ಟ ತಕ್ಷಣ ಈ ಸಾಲು ಆ ಕಡತದ ಮೇಲೆ ಒಂಬತ್ತನೇ ತರಗತಿಯ ಹೆಸರಾಗಿ ಬದಲಾಗಿ ಕೂರುತ್ತದೆ. ಹತ್ತನೇ ತರಗತಿ ಖಾತೆಗೆ ಆ ಕಡತದ ಹೆಸರು ಕಾಣುತ್ತದೆ, ತೆರೆಯಲಾಗದು, ಅಳಿಸಲಾಗದು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇಷ್ಟು ಸೂಕ್ಷ್ಮವಾದ ಏರ್ಪಾಡು ನಿಮ್ಮ ಯಂತ್ರದಲ್ಲಿ ಮೊದಲಿನಿಂದಲೂ ಇತ್ತು, ಅದಕ್ಕೆ ಯಾವ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ.

ಮಕ್ಕಳ ಕೆಲಸವನ್ನು ಮೌಲ್ಯಮಾಪನಕ್ಕೆ ಶಿಕ್ಷಕರ ಫೋಲ್ಡರಿಗೆ ತಂದುಕೊಳ್ಳುವಾಗ ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾಡಿ ಪೇಸ್ಟ್ ಮಾಡಿ. ಒಂದೇ ಡ್ರೈವ್‌ನೊಳಗೆ ಸ್ಥಳಾಂತರಿಸಿದ ಕಡತ ತನ್ನ ಹಳೆಯ ಒಡೆಯನನ್ನೂ ಹಳೆಯ ಅನುಮತಿಗಳನ್ನೂ ಹೊತ್ತುಕೊಂಡೇ ಹೋಗುತ್ತದೆ, ಏಕೆಂದರೆ ಡಿಸ್ಕಿನಲ್ಲಿ ಕಡತ ಕದಲುವುದಿಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತದೆ. ಕಾಪಿ ಮಾಡಿದಾಗ ಹುಟ್ಟುವುದು ಹೊಸ ಕಡತ. ಅದು ಹೊಸ ಮನೆಯ ನಿಯಮಕ್ಕೆ ಒಳಪಡುತ್ತದೆ, ಅದರ ಒಡೆಯರು ನೀವಾಗುತ್ತೀರಿ.

ಈಗ ನಿಮ್ಮ ಹಳೆಯ ತಂತ್ರಾಂಶ. ಅದು ಅಡ್ಮಿನ್ ಪಾಸ್‌ವರ್ಡ್ ಕೇಳುವುದಕ್ಕೆ ಸಾಮಾನ್ಯ ಕಾರಣ ಒಂದೇ: ತನ್ನ ದತ್ತಾಂಶವನ್ನು ಪ್ರೋಗ್ರಾಮ್ ಫೈಲ್ಸ್ ಒಳಗೇ ಬರೆಯಲು ಹೊರಡುತ್ತದೆ, ಅಲ್ಲಿ ಬರೆಯುವ ಹಕ್ಕು ಸ್ಟ್ಯಾಂಡರ್ಡ್ ಖಾತೆಗೆ ಇಲ್ಲ. ಅದಕ್ಕಾಗಿ ಮನುಷ್ಯರನ್ನು ಅಡ್ಮಿನ್ ಮಾಡುವುದು ಒಂದು ಕಿಟಕಿ ತೆರೆಯಲು ಗೋಡೆ ಕೆಡವಿದಂತೆ. ಆ ತಂತ್ರಾಂಶ ತನ್ನ ದತ್ತಾಂಶವನ್ನು ಯಾವ ಫೋಲ್ಡರಿನಲ್ಲಿ ಇಡುತ್ತದೆ ಎಂದು ಅದರ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಬದಲಿಸುವ ಅವಕಾಶವಿದ್ದರೆ ಡಿ ಡ್ರೈವ್‌ನಲ್ಲಿ ನೀವು ಈಗ ಕಾವಲು ಹಾಕಿದ ಫೋಲ್ಡರಿಗೆ ಅದನ್ನು ತಿರುಗಿಸಿ. ಇಲ್ಲದಿದ್ದರೆ ದತ್ತಾಂಶ ಇರುವ ಆ ಒಳ ಫೋಲ್ಡರಿಗೆ ಮಾತ್ರ ಶಿಕ್ಷಕರ ಗುಂಪಿಗೆ ಮಾಡಿಫೈ ಕೊಡಿ. ತಂತ್ರಾಂಶದ ಕಾರ್ಯಕ್ರಮ ಕಡತವೇ ಇರುವ ಫೋಲ್ಡರಿಗೆ ಕೊಡಬೇಡಿ. ಹಾಗೆ ಕೊಟ್ಟರೆ ಯಾರಾದರೂ ಆ ಕಾರ್ಯಕ್ರಮದ ಜಾಗದಲ್ಲಿ ಬೇರೆ ಕಾರ್ಯಕ್ರಮ ಇಡಬಹುದು, ಮುಂದೊಮ್ಮೆ ಅಡ್ಮಿನ್ ಅದನ್ನು ತೆರೆದಾಗ ಅದು ಅಡ್ಮಿನ್ ಅಧಿಕಾರದಲ್ಲೇ ಓಡುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಚಿತ್ರ ನಿಮ್ಮಲ್ಲೂ ಕಾಣಿಸಬಹುದು. ಹಳೆಯ ತಂತ್ರಾಂಶ ಪ್ರೋಗ್ರಾಮ್ ಫೈಲ್ಸ್‌ಗೆ ಬರೆಯಲಾಗದೆ ಕೆಟ್ಟು ನಿಲ್ಲದಿರಲಿ ಎಂದು ವಿಂಡೋಸ್ ಕೆಲವೊಮ್ಮೆ ಅದು ಬರೆದದ್ದನ್ನು ಸದ್ದಿಲ್ಲದೆ ಆಯಾ ಖಾತೆಯ ಮನೆಯೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿಗೆ ತಿರುಗಿಸುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಈ ಏರ್ಪಾಡು ಇದೆ. ಪರಿಣಾಮವಾಗಿ ಒಬ್ಬ ಶಿಕ್ಷಕರು ತುಂಬಿದ್ದು ಇನ್ನೊಬ್ಬರ ಖಾತೆಯಲ್ಲಿ ಕಾಣುವುದಿಲ್ಲ, ಇಬ್ಬರೂ ದತ್ತಾಂಶ ಹೋಯಿತು ಎಂದು ಕಂಗಾಲಾಗುತ್ತಾರೆ. ಹಾಗಾದರೆ ಮೊದಲು ಆ ಫೋಲ್ಡರಿನಲ್ಲಿ ಹುಡುಕಿ.

ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಅಕ್ಷರಗಳ ವಿಷಯವೂ ಹೀಗೆಯೇ. ಹೊಸ ಖಾತೆ ಮಾಡಿದ ಮೇಲೆ ಹಳೆಯ ನುಡಿ ದಾಖಲೆಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ದಾಖಲೆ ಕೆಟ್ಟಿತೆಂದು ತಿಳಿಯಬೇಡಿ. 2018ರ ವಿಂಡೋಸ್ 10 ಆವೃತ್ತಿ 1809ರ ನಂತರ, ಫಾಂಟ್ ಮೇಲೆ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಅದು ಆ ಒಂದು ಖಾತೆಗೆ ಮಾತ್ರ ಸೇರುತ್ತದೆ. ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಎಲ್ಲ ಖಾತೆಗಳಲ್ಲೂ ಅಕ್ಷರ ಮೂಡುತ್ತದೆ.

ಎಲ್ಲವನ್ನೂ ಮಾಡಿದ ಮೇಲೆ ಪರೀಕ್ಷಿಸಲೇಬೇಕು. ಅಡ್ವಾನ್ಸ್ಡ್ ಕಿಟಕಿಯಲ್ಲಿ ‘ಎಫೆಕ್ಟಿವ್ ಆಕ್ಸೆಸ್’ ಎಂಬ ಪುಟವಿದೆ. ಅಲ್ಲಿ ಒಂದು ಖಾತೆಯ ಹೆಸರು ಕೊಟ್ಟರೆ ಆ ಖಾತೆಗೆ ಏನೇನು ಸಾಧ್ಯ, ಏನೇನು ಅಸಾಧ್ಯ ಎಂದು ತೋರಿಸುತ್ತದೆ. ಆದರೆ ಅದೊಂದನ್ನೇ ನಂಬದೆ ನೀವೇ ಒಂಬತ್ತನೇ ತರಗತಿಯ ಖಾತೆಯಲ್ಲಿ ಕುಳಿತು, ಖಾಲಿ ಕಡತವೊಂದನ್ನು ಗುರಿಯಾಗಿಟ್ಟು, ಅಂಕಗಳ ಫೋಲ್ಡರ್ ತೆರೆಯಲು, ಹೆಸರು ಬದಲಿಸಲು, ಅಳಿಸಲು ಪ್ರಯತ್ನಿಸಿ. ಅಡ್ಮಿನ್ ಖಾತೆಯಲ್ಲಿ ಇನ್ನೊಬ್ಬರ ಮನೆಯ ಫೋಲ್ಡರ್ ತೆರೆಯಲು ಹೋದಾಗ ‘ನಿಮಗೆ ಸದ್ಯ ಅನುಮತಿ ಇಲ್ಲ’ ಎಂದು ಹೇಳಿ ಕೆಳಗೆ ‘ಕಂಟಿನ್ಯೂ’ ಗುಂಡಿ ತೋರಿಸಿದರೆ ಕುತೂಹಲಕ್ಕೆ ಒತ್ತಬೇಡಿ. ಅದು ಆ ಕ್ಷಣಕ್ಕೆ ಮಾತ್ರ ಬಾಗಿಲು ತೆರೆಯುವುದಿಲ್ಲ, ನಿಮ್ಮ ಖಾತೆಯ ಹೆಸರನ್ನು ಆ ಫೋಲ್ಡರಿನ ಪಟ್ಟಿಗೆ ಶಾಶ್ವತವಾಗಿ ಬರೆಯುತ್ತದೆ. ಮುಂದೆ ನಿಮ್ಮ ಅಡ್ಮಿನ್ ಅಧಿಕಾರ ಹೋದರೂ ಆ ಸಾಲು ಉಳಿಯುತ್ತದೆ.

ಈ ಕಾವಲು ಎಲ್ಲಿ ಮುಗಿಯುತ್ತದೆ ಎಂಬುದೂ ನಿಮಗೆ ಗೊತ್ತಿರಬೇಕು. ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ರೂಪದ ಪೆನ್‌ಡ್ರೈವ್‌ಗಳಲ್ಲಿ ಅನುಮತಿಗಳ ಪಟ್ಟಿಯೇ ಇರುವುದಿಲ್ಲ. ಅಂಕಪಟ್ಟಿಯನ್ನು ಅದಕ್ಕೆ ಕಾಪಿ ಮಾಡಿದ ಕ್ಷಣ ಅದು ಕೈಗೆ ಸಿಕ್ಕವರ ಸ್ವತ್ತು. ಹಾರ್ಡ್ ಡಿಸ್ಕನ್ನೇ ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಅಲ್ಲಿನ ಅಡ್ಮಿನ್ ಎಲ್ಲವನ್ನೂ ಓದಬಲ್ಲ. ಅದನ್ನು ತಡೆಯುವುದು ಅನುಮತಿಗಳಲ್ಲ, ಬಿಟ್‌ಲಾಕರ್ ಗೂಢಲಿಪೀಕರಣ. ಅದು ನಿಮ್ಮ ಪ್ರೊ ಆವೃತ್ತಿಯಲ್ಲಿದೆ. ಚಾಲೂ ಮಾಡುವುದಾದರೆ ಅದು ಕೊಡುವ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ಅದೇ ಲಕೋಟೆಯಲ್ಲಿಡಿ. ಆ ಕಾಗದ ಕಳೆದರೆ ಯಾವ ತಜ್ಞರಿಂದಲೂ ಡಿಸ್ಕನ್ನು ತೆರೆಯಲಾಗದ ಸ್ಥಿತಿ ಬರಬಹುದು. ಇನ್ನು, ಅನುಮತಿ ಇದ್ದವರ ಕೈತಪ್ಪಿಗೆ ಅನುಮತಿಗಳು ಮದ್ದಲ್ಲ. ಶಿಕ್ಷಕರೇ ಆಯಾಸದಲ್ಲಿ ತಪ್ಪು ಫೋಲ್ಡರ್ ಅಳಿಸಿದರೆ ವಿಂಡೋಸ್ ತಡೆಯುವುದಿಲ್ಲ. ಪ್ರತಿ ಶನಿವಾರ ಶಾಲೆ ಬಿಡುವ ಮುನ್ನ ಅಂಕಗಳ ಫೋಲ್ಡರಿನ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ಹಾಕಿ, ಡಿಸ್ಕನ್ನು ಕಳಚಿ ಬೀರುವಿಗೆ ಸೇರಿಸುವ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ವಹಿಸಿ. ಯಂತ್ರದ ಮುಂದಿನಿಂದ ಏಳುವಾಗ ವಿಂಡೋಸ್ ಕೀಲಿಯೊಂದಿಗೆ ಎಲ್ ಒತ್ತಿ ತೆರೆಗೆ ಬೀಗ ಹಾಕುವ ಅಭ್ಯಾಸವೂ ಎಲ್ಲರಿಗೂ ಬರಲಿ. ಶಿಕ್ಷಕರ ಖಾತೆ ತೆರೆದೇ ಇದ್ದರೆ ಅಲ್ಲಿ ಬಂದು ಕುಳಿತ ಮಗುವೇ ಯಂತ್ರದ ಪಾಲಿಗೆ ಶಿಕ್ಷಕ.

ಕೊನೆಯದಾಗಿ, ಬುಟ್ಟಿಯಿಂದ ನಿಮ್ಮ ಒಂಬತ್ತನೇ ತರಗತಿಯ ಫೋಲ್ಡರ್ ಮರಳಿ ಸಿಕ್ಕಿದ್ದರೆ ಅದು ಡಿ ಡ್ರೈವ್‌ನ ಹಳೆಯ ಜಾಗಕ್ಕೇ, ಹಳೆಯ ತೆರೆದ ಅನುಮತಿಗಳೊಂದಿಗೇ ಬಂದಿರುತ್ತದೆ. ಅದನ್ನು ಹೊಸ ಅಂಕಗಳ ಫೋಲ್ಡರಿನೊಳಗೆ ಎಳೆದು ಹಾಕಬೇಡಿ. ಕಾಪಿ ಮಾಡಿ, ಎಲ್ಲ ಕಡತಗಳೂ ತೆರೆಯುತ್ತವೆಯೇ ಎಂದು ನೋಡಿಕೊಂಡು, ಆಮೇಲೆ ಹಳೆಯದನ್ನು ಅಳಿಸಿ.